ಹುಟ್ಟುಹಬ್ಬದ ನೋಟು ಎಷ್ಟು ಅಪರೂಪ?

ಬೆಂಗಳೂರಿನ ಕೆ.ಜಿ. ರಸ್ತೆಯ ಶಿಕ್ಷಕರ ಸದನದಲ್ಲಿ ನಾಣ್ಯ, ನೋಟುಗಳ ಪ್ರದರ್ಶನ ನಡೆದಾಗ ಒಮ್ಮೆ ಹೋಗಿ ನೋಡಿ. 'ಫ್ಯಾನ್ಸಿ ನಂಬರ್' ಆಲ್ಬಂಗಳ ಮುಂದೆ ಜನ ಮುತ್ತಿಕೊಂಡಿರುತ್ತಾರೆ. 786 ಇರುವ ನೋಟು, 777777, 123321, ಹುಟ್ಟಿದ ದಿನಾಂಕದ ನೋಟು. ಇವೆಲ್ಲ ನನಗೂ ತುಂಬಾ ಇಷ್ಟ. ಆದರೆ ಜೇಬಿಗೆ ಕೈ ಹಾಕುವ ಮೊದಲು ಒಂದು ಲೆಕ್ಕ ಹಾಕಲೇಬೇಕು.

ನಮ್ಮ ನೋಟಿನ ನಂಬರಿನಲ್ಲಿ ಮೊದಲು ಮೂರು ಗುರುತಿನ ಪ್ರಿಫಿಕ್ಸ್ ಇರುತ್ತದೆ, 4ಸಿಬಿ ಅನ್ನೋ ಥರ. ಆಮೇಲೆ ಆರು ಅಂಕಿ. ಅಂದರೆ ಒಂದು ಪ್ರಿಫಿಕ್ಸಿಗೆ ಹತ್ತು ಲಕ್ಷ ನಂಬರು. ಅದರಲ್ಲಿ ಆರೂ ಅಂಕಿ ಒಂದೇ ಆಗಿರುವುದು ಬರೀ 9. ಹಿಂದಿನಿಂದ ಓದಿದರೂ ಅದೇ ಬರುವಂಥವು 999. ಕೊನೆಗೆ 786 ಇರುವುದು ಪೂರ್ತಿ ಸಾವಿರ! ನಂಬರು ಸಾಲಾಗಿರುವ ಸಾವಿರ ನೋಟಿನ ಹೊಸ ಬಂಡಲಿನಲ್ಲಿ ಅಂಥದ್ದೊಂದು ಇದ್ದೇ ಇರುತ್ತದೆ.

ಹುಟ್ಟುಹಬ್ಬದ ನೋಟಿನ ಕಥೆ ಇನ್ನೂ ಚೆಂದ. ದಿನ, ತಿಂಗಳು, ವರ್ಷಕ್ಕೆ ಎರಡೆರಡು ಅಂಕಿ. ನೂರು ವರ್ಷಕ್ಕೆ 36,525 ದಿನ. ಹತ್ತು ಲಕ್ಷದಲ್ಲಿ ಅಷ್ಟು ನಂಬರು ಯಾವುದೋ ಒಂದು ತಾರೀಖಿನಂತೆ ಕಾಣುತ್ತವೆ, ಅಂದರೆ ಸುಮಾರು 27 ನೋಟಿಗೆ ಒಂದು. ಆದರೆ ನಿಮ್ಮದೇ ತಾರೀಖು ಬೇಕು ಅಂದರೆ ಹತ್ತು ಲಕ್ಷಕ್ಕೆ ಒಂದೇ. ಇನ್ನೊಂದು ವಿಷಯ ಗಮನಿಸಿ. ಹೊಸ ನೋಟು ಬರುವುದು ನೂರರ ಕಟ್ಟಿನಲ್ಲಿ. ಕಟ್ಟು 011101ರಿಂದ ಶುರುವಾದರೆ ಅದರಲ್ಲಿ ಕೊನೆಯದೊಂದು ಬಿಟ್ಟು ಮಿಕ್ಕ ಎಲ್ಲವೂ ನವೆಂಬರ್ 1! 56ನೇ ನೋಟು 011156, ನಮ್ಮ ರಾಜ್ಯ ಹುಟ್ಟಿದ ದಿನ. ತಾರೀಖಿನ ನೋಟುಗಳು ಒಂಟಿಯಾಗಿ ಚದುರಿರುವುದಿಲ್ಲ, ಇಡೀ ಕಟ್ಟೇ ಒಟ್ಟಿಗೆ ಬರುತ್ತದೆ.

ಆ 56ನೇ ನೋಟೇ ಅಚ್ಚಿನಲ್ಲಿ ಕೆಟ್ಟಿದ್ದರೆ? ಅದನ್ನು ತೆಗೆದು ಅದರ ಜಾಗಕ್ಕೆ ಸ್ಟಾರ್ ನೋಟು ಇಡುತ್ತಾರೆ. ಪ್ರಿಫಿಕ್ಸಿಗೂ ಅಂಕಿಗೂ ನಡುವೆ ಒಂದು ಪುಟ್ಟ ನಕ್ಷತ್ರ ಇರುತ್ತದೆ. 2006ರಲ್ಲಿ 10, 20, 50 ರೂಪಾಯಿ ನೋಟುಗಳಲ್ಲಿ ಇದು ಶುರುವಾಯಿತು. ಕಟ್ಟಿನಲ್ಲಿ ನೂರು ನೋಟೇ ಇರುತ್ತದೆ, ನಂಬರು ಮಾತ್ರ ಸಾಲು ತಪ್ಪಿರುತ್ತದೆ. ನಕ್ಷತ್ರ ಕಂಡು ನಕಲಿ ಅಂತ ಹೆದರಬೇಡಿ. ಅದು ಅಪ್ಪಟ ಚಲಾವಣೆಯ ನೋಟು. ನನಗಂತೂ 786ಕ್ಕಿಂತ ಇದೇ ಮೇಲು. ದೇಶದ ನಾಲ್ಕು ನೋಟು ಮುದ್ರಣಾಲಯಗಳಲ್ಲಿ ಒಂದು ಪಕ್ಕದ ಮೈಸೂರಿನಲ್ಲೇ ಇದೆ, ಅಲ್ವಾ? ಅಂಥ ಕಡೆ ನಡೆದ ತಪಾಸಣೆಯ ಗುರುತು ಆ ನಕ್ಷತ್ರ.

ನೋಟು ಕೊಳ್ಳುವಾಗ ಗರಿಗರಿಯಾಗಿದೆಯಾ ನೋಡಿ. ಹತ್ತಿಯ ಕಾಗದ ಒಮ್ಮೆ ಮಡಚಿದರೆ ಎಳೆ ಮುರಿಯುತ್ತದೆ, ಗೆರೆ ಹೋಗುವುದಿಲ್ಲ. ಲ್ಯಾಮಿನೇಷನ್ ಬೇಡವೇ ಬೇಡ. ಪಿವಿಸಿ ಕವರೂ ಬೇಡ, ಅದರಿಂದ ಒಸರುವ ರಾಸಾಯನಿಕ ನೋಟಿಗೆ ಅಂಟುತ್ತದೆ.

ಇನ್ನು, ಪ್ರಿಫಿಕ್ಸೂ ಆರು ಅಂಕಿಯೂ ಒಂದೇ ಇರುವ ಎರಡು ಅಸಲಿ ನೋಟು ಇರಬಹುದು. ನೋಟಿನ ಮೇಲೆ ನಂಬರು ಅಚ್ಚಾಗಿರುವ ಜಾಗದಲ್ಲೇ ಅಡಗಿರುವ ಇನ್‌ಸೆಟ್ ಅಕ್ಷರವೋ, ಹಿಂಬದಿಯ ವರ್ಷವೋ, ಗವರ್ನರ್ ಸಹಿಯೋ ಬೇರೆ ಇದ್ದರೆ ಸಾಕು. ಅಂಥ ಜೋಡಿ ಹೊಂದಿಸಬೇಕೆಂದರೆ ಎರಡೂ ನೋಟನ್ನು ತಿರುಗಿಸಿ, ಹಿಂಬದಿಯ ವರ್ಷದಿಂದಲೇ ಶುರು ಮಾಡಿ.