ಚೇಂಬರ್ಲಿನ್ ದೊಡ್ಡವರೋ, ಯೋಕಿಚ್ ದೊಡ್ಡವರೋ? ಬೇರೆ ಬೇರೆ ಕಾಲದ ಸೆಂಟರ್‌ಗಳನ್ನು ಅಳೆಯುವ ಬಗೆ

ಓದುಗರ ಪ್ರಶ್ನೆ: ಒಂದು ಇಡೀ ಋತುವಿನಲ್ಲಿ ಪಂದ್ಯಕ್ಕೆ 50 ಅಂಕ ಮತ್ತು 25 ರೀಬೌಂಡ್ (ಗುರಿ ತಪ್ಪಿ ಚಿಮ್ಮಿದ ಚೆಂಡನ್ನು ಹಿಡಿಯುವುದು) ಸರಾಸರಿ ಕಾಯ್ದುಕೊಂಡ ವಿಲ್ಟ್ ಚೇಂಬರ್ಲಿನ್ ಅವರೇ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಇತಿಹಾಸದ ಅತಿ ಶ್ರೇಷ್ಠ ಸೆಂಟರ್ (ಬುಟ್ಟಿಯ ಹತ್ತಿರ ಆಡುವ, ಸಾಮಾನ್ಯವಾಗಿ ತಂಡದ ಅತಿ ಎತ್ತರದ ಆಟಗಾರ) ಎಂದು ಕೆಲವರು ವಾದಿಸುತ್ತಾರೆ. ಆ ಕಾಲದವರು ಇಂದಿನ ನಿಕೊಲಾ ಯೋಕಿಚ್ ಅವರ ಎದುರು ನಿಲ್ಲುತ್ತಲೇ ಇರಲಿಲ್ಲ ಎನ್ನುವವರೂ ಇದ್ದಾರೆ. ಬೇರೆ ಬೇರೆ ಕಾಲದ ಸೆಂಟರ್‌ಗಳನ್ನು ಹೋಲಿಸಲು ನ್ಯಾಯವಾದ ದಾರಿ ಏನಾದರೂ ಇದೆಯೇ?

ಉತ್ತರ: ಇದೆ. ಆದರೆ ಇಬ್ಬರ ಅಂಕಿಗಳನ್ನು ಅಕ್ಕಪಕ್ಕದಲ್ಲಿ ಬರೆದು ಯಾವುದು ಹೆಚ್ಚು ಎಂದು ನೋಡಿದರೆ ಆ ದಾರಿ ಸಿಗುವುದಿಲ್ಲ. ಹಿಂದೆ ಒಂದು ಊರಿನ ಸೇರು ಇನ್ನೊಂದು ಊರಿನ ಸೇರಿಗೆ ಸಮವಾಗಿರುತ್ತಿರಲಿಲ್ಲ; ಎರಡು ಊರುಗಳ ರಾಗಿಯ ಬೆಲೆಯನ್ನು ಹೋಲಿಸುವವರು ಮೊದಲು ಎರಡು ಸೇರುಗಳ ಅಳತೆಯನ್ನು ಕೇಳಬೇಕಾಗಿತ್ತು. 1962ರ ರೀಬೌಂಡ್ ಮತ್ತು 2025ರ ರೀಬೌಂಡ್ ಕೂಡ ಅಂಥ ಎರಡು ಸೇರುಗಳು.

ವಿಲ್ಟ್ ಅವರ 1961-62ರ ಋತುವನ್ನೇ ನೋಡೋಣ. ಫಿಲಡೆಲ್ಫಿಯಾ ವಾರಿಯರ್ಸ್ ಪರವಾಗಿ 80 ಪಂದ್ಯಗಳಲ್ಲಿ ಅವರ ಸರಾಸರಿ 50.4 ಅಂಕ ಮತ್ತು 25.7 ರೀಬೌಂಡ್. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷೀ ಪಟ್ಟಣದಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ ಅವರು 100 ಅಂಕ ಗಳಿಸಿದ್ದೂ ಅದೇ ಋತುವಿನಲ್ಲಿ. ಆಗ ಒಂದು ತಂಡ ಪ್ರತಿ ಪಂದ್ಯದಲ್ಲಿ ಸುಮಾರು 108 ಬಾರಿ ಬುಟ್ಟಿಯತ್ತ ಚೆಂಡು ಎಸೆಯುತ್ತಿತ್ತು, ಮತ್ತು ಅವುಗಳಲ್ಲಿ ನೂರಕ್ಕೆ 43ರಷ್ಟು ಕೂಡ ಒಳಗೆ ಬೀಳುತ್ತಿರಲಿಲ್ಲ. ಇಂದು ಒಂದು ತಂಡ ಎಸೆಯುವುದು 89ರ ಆಸುಪಾಸು, ಒಳಗೆ ಬೀಳುವುದು ನೂರಕ್ಕೆ 46 ಅಥವಾ 47. ಅಂದರೆ ಗುರಿ ತಪ್ಪಿ ಚಿಮ್ಮುವ ಚೆಂಡುಗಳು ಆಗ ತಂಡವೊಂದಕ್ಕೆ ಅರುವತ್ತಕ್ಕೂ ಮೇಲೆ, ಈಗ ಐವತ್ತಕ್ಕೂ ಕಡಿಮೆ. ತಪ್ಪಿದ ಎಸೆತವಿಲ್ಲದೆ ರೀಬೌಂಡ್ ಇಲ್ಲ. ಅದೇ 1961-62ರಲ್ಲಿ ಆಸ್ಕರ್ ರಾಬರ್ಟ್‌ಸನ್ ಬುಟ್ಟಿಯಿಂದ ದೂರ ಆಡುವ ಗಾರ್ಡ್ ಆಗಿದ್ದುಕೊಂಡೇ ಪಂದ್ಯಕ್ಕೆ 12.5 ರೀಬೌಂಡ್ ಹಿಡಿದರು, ಮತ್ತು ವಾಲ್ಟ್ ಬೆಲಮಿ ಎಂಬ ಸೆಂಟರ್ ತಮ್ಮ ಮೊದಲ ಋತುವಿನಲ್ಲಿಯೇ 31.6 ಅಂಕ, 19 ರೀಬೌಂಡ್ ಸರಾಸರಿ ಮುಟ್ಟಿದರು. ಇಂದು ಅಂಥ ಅಂಕಿಗಳನ್ನು ತಂದ ಹೊಸ ಆಟಗಾರನನ್ನು ಜಗತ್ತು ಮರೆಯುವುದಿಲ್ಲ. ಬೆಲಮಿ ಅವರ ಹೆಸರು ಎಷ್ಟು ಜನರಿಗೆ ನೆನಪಿದೆ?

ಆದ್ದರಿಂದ ಎಣಿಕೆಯ ಬದಲು ಪಾಲನ್ನು ಕೇಳಬೇಕು: ಆಟಗಾರ ಅಂಕಣದಲ್ಲಿದ್ದಾಗ ಲಭ್ಯವಿದ್ದ ರೀಬೌಂಡ್‌ಗಳಲ್ಲಿ ಎಷ್ಟನೆಯ ಭಾಗ ಅವನ ಕೈಗೆ ಬಂತು? ಎರಡೂ ತಂಡಗಳು ಸೇರಿ ಆಗ ಪಂದ್ಯಕ್ಕೆ ಸುಮಾರು 140 ರೀಬೌಂಡ್ ಆಗುತ್ತಿದ್ದವು ಎಂದಿಟ್ಟುಕೊಂಡರೆ, ಬಹುತೇಕ ಪೂರ್ತಿ ಪಂದ್ಯ ಆಡುತ್ತಿದ್ದ ವಿಲ್ಟ್ ಅವರ 25.7 ಆ ಒಟ್ಟು ಮೊತ್ತದ ಐದನೆಯ ಒಂದು ಭಾಗಕ್ಕೆ ಹತ್ತಿರ ಬರುತ್ತದೆ. 2024-25ರಲ್ಲಿ ಯೋಕಿಚ್ ಸುಮಾರು 37 ನಿಮಿಷ ಆಡಿ ಹಿಡಿದದ್ದು 12.7. ಅವರು ಅಂಕಣದಲ್ಲಿದ್ದ ನಿಮಿಷಗಳಿಗೆ ಲೆಕ್ಕ ಹಾಕಿದರೆ ಅದೂ ಐದನೆಯ ಒಂದು ಭಾಗದ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. 2017-18ರಲ್ಲಿ ಪಂದ್ಯಕ್ಕೆ 16 ರೀಬೌಂಡ್ ಹಿಡಿದ ಆಂಡ್ರೆ ಡ್ರಮಂಡ್ ಅವರ ಪಾಲು ಇದೇ ಲೆಕ್ಕದಲ್ಲಿ ನಾಲ್ಕನೆಯ ಒಂದು ಭಾಗವನ್ನು ದಾಟುತ್ತದೆ.

ಹಾಗೆಂದು ವಿಲ್ಟ್ ಅವರ ಸಾಧನೆ ಬರೀ ಕಾಲದ ಕೊಡುಗೆ ಎಂದು ತೀರ್ಮಾನಿಸುವುದು ಅವಸರದ ಮಾತಾದೀತು. ಆ ಋತುವಿನಲ್ಲಿ ಅವರ ಸರಾಸರಿ 48.5 ನಿಮಿಷ. ಪಂದ್ಯದ ಅವಧಿಯೇ 48 ನಿಮಿಷ. ಹೆಚ್ಚುವರಿ ಅವಧಿಗಳೂ ಸೇರಿದ್ದರಿಂದ ಸರಾಸರಿ ಅದನ್ನೂ ಮೀರಿತು. ಡ್ರಮಂಡ್ 34 ನಿಮಿಷ ಆಡಿ ಉಳಿದ ಹೊತ್ತು ದಣಿವಾರಿಸಿಕೊಂಡು ಪಡೆದ ಪಾಲನ್ನು, ಒಮ್ಮೆಯೂ ಕೂರದೆ ಓಡಿದ ಮನುಷ್ಯನ ಪಾಲಿನೊಂದಿಗೆ ತೂಗುವಾಗ ಈ ವ್ಯತ್ಯಾಸವನ್ನೂ ತಕ್ಕಡಿಗೆ ಹಾಕಬೇಕು. ಪಂದ್ಯಕ್ಕೆ ಸುಮಾರು 40 ಎಸೆತಗಳ ಹೊರೆಯನ್ನು ಹೊತ್ತೂ ಅವರ ಯಶಸ್ಸು ನೂರಕ್ಕೆ 50.6 ಇತ್ತು, ಅಂದರೆ ಲೀಗ್‌ನ ಸರಾಸರಿಗಿಂತ ಎಂಟರಷ್ಟು ಹೆಚ್ಚು. ಎಸೆತಗಳು ಹೆಚ್ಚಿದಂತೆ ಗುರಿ ಕೆಡುವುದು ಸಾಮಾನ್ಯ. ಅವರ ವಿಷಯದಲ್ಲಿ ಅದು ಕೆಡಲಿಲ್ಲ.

ಎರಡನೆಯ ಅಳತೆ ನಿಯಮಗಳದ್ದು. ಬೇರೆ ಯಾವ ಸ್ಥಾನದ ಆಟಗಾರರಿಗಿಂತಲೂ ಹೆಚ್ಚಾಗಿ ಸೆಂಟರ್‌ಗಳಿಗಾಗಿಯೇ ಬ್ಯಾಸ್ಕೆಟ್‌ಬಾಲ್ ತನ್ನ ನಿಯಮಗಳನ್ನು ಬದಲಿಸಿಕೊಂಡಿದೆ. ಬುಟ್ಟಿಯ ಮುಂದಿನ ಲೇನ್, ಅಂದರೆ ದಾಳಿಯ ತಂಡದ ಆಟಗಾರ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದ ಜಾಗ, ಮೊದಲು ಕೇವಲ 6 ಅಡಿ ಅಗಲವಿತ್ತು. ಮಿನ್ಯಾಪೊಲಿಸ್ ಲೇಕರ್ಸ್‌ನ ಜಾರ್ಜ್ ಮೈಕನ್ ಅದರ ಅಂಚಿನಲ್ಲಿ ನಿಂತು ಹುಕ್ ಶಾಟ್ (ಪಕ್ಕಕ್ಕೆ ತಿರುಗಿ ಒಂದೇ ಕೈಯಿಂದ ತಲೆಯ ಮೇಲಿಂದ ಎಸೆಯುವುದು) ಹಾಕತೊಡಗಿದರೆ ತಡೆಯುವವರೇ ಇರಲಿಲ್ಲ. 1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಚೆಂಡು ಅವರ ಬಳಿ ಸೇರದಂತೆ ಅದನ್ನು ಹಿಡಿದುಕೊಂಡೇ ನಿಂತು ಹೊತ್ತು ಕಳೆಯಿತು. ಪಂದ್ಯ 19-18ರಲ್ಲಿ ಮುಗಿಯಿತು, ಲೇಕರ್ಸ್‌ನ 18ರಲ್ಲಿ 15 ಅಂಕ ಮೈಕನ್ ಅವರವೇ ಆಗಿದ್ದವು. 1951ರಲ್ಲಿ ಲೇನ್ 12 ಅಡಿಯಾಯಿತು, 1954ರಲ್ಲಿ 24 ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕೆಂಬ ಗಡಿಯಾರ ಬಂತು. ವಿಲ್ಟ್ ಅವರ ಪ್ರಾಬಲ್ಯ ಕಂಡು 1964ರಲ್ಲಿ ಲೇನ್ ಅನ್ನು 16 ಅಡಿಗೆ ಹಿಗ್ಗಿಸಲಾಯಿತು. ಕರೀಮ್ ಅಬ್ದುಲ್ ಜಬ್ಬಾರ್ ಅವರು ಲ್ಯೂ ಆಲ್ಸಿಂಡರ್ ಎಂಬ ಹೆಸರಿನಲ್ಲಿ ಕಾಲೇಜು ತಂಡಕ್ಕೆ ಆಡುತ್ತಿದ್ದಾಗ, 1967ರಲ್ಲಿ, ಕಾಲೇಜು ಆಟದಲ್ಲಿ ಡಂಕ್ (ಚೆಂಡನ್ನು ಮೇಲಿನಿಂದ ಬುಟ್ಟಿಗೆ ತುರುಕುವುದು) ಅನ್ನೇ ನಿಷೇಧಿಸಿದರು. ಆ ನಿಷೇಧ 1976ರವರೆಗೂ ಉಳಿಯಿತು. ಅವರ ಪ್ರಸಿದ್ಧ ಹುಕ್ ಶಾಟ್ ಆದ ಸ್ಕೈ ಹುಕ್ ಹದವಾದದ್ದು ಆ ನಿರ್ಬಂಧದ ವರ್ಷಗಳಲ್ಲಿ.

(ಲೇನ್‌ನ ಆಕಾರ ಸೆಂಟರ್‌ನ ಆಟವನ್ನು ಎಷ್ಟು ಬದಲಿಸುತ್ತದೆ ಎಂಬುದನ್ನು ಅರಿಯಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಕರ್ನಾಟಕದ ಶಾಲಾ ಕಾಲೇಜುಗಳ ಅಂಕಣಗಳಲ್ಲಿ 2010ಕ್ಕೆ ಮೊದಲು ಆಡಿದವರಿಗೆ, ಬುಟ್ಟಿಯ ಕಡೆ ಅಗಲವಾಗಿ, ಫ್ರೀ ಥ್ರೋ (ಫೌಲ್ ಆದಾಗ ಸಿಗುವ ತಡೆಯಿಲ್ಲದ ಎಸೆತ) ಹಾಕುವ ಗೆರೆಯ ಕಡೆ ಕಿರಿದಾಗುತ್ತಿದ್ದ ಲೇನ್ ನೆನಪಿರುತ್ತದೆ. ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದ ಆ ಲೇನ್ ತಳದಲ್ಲಿ 6 ಮೀಟರ್ ಅಗಲವಿದ್ದು, ಎತ್ತರದ ಆಟಗಾರನನ್ನು ಬುಟ್ಟಿಯಿಂದ ದೂರಕ್ಕೆ ತಳ್ಳುತ್ತಿತ್ತು. 2010ರಲ್ಲಿ ಅದು ಆಯತವಾದ ಮೇಲೆ ಅದೇ ಆಟಗಾರನಿಗೆ ಬುಟ್ಟಿ ಒಂದು ಹೆಜ್ಜೆ ಹತ್ತಿರವಾಯಿತು.)

ಅಂಕಿಗಳೇ ಇಲ್ಲದ ಕಡೆ ಏನು ಮಾಡಬೇಕು ಎಂಬುದು ಇನ್ನೂ ಕಠಿಣವಾದ ತೊಡಕು, ಮತ್ತು ಇದರಿಂದ ಅತಿ ಹೆಚ್ಚು ಅನ್ಯಾಯವಾದದ್ದು ವಿಲ್ಟ್ ಅವರ ಕಾಲದ ಇನ್ನೊಬ್ಬ ಸೆಂಟರ್ ಬಿಲ್ ರಸೆಲ್ ಅವರಿಗೆ ಎಂದು ನನಗೆ ಅನಿಸುತ್ತದೆ. ಎನ್‌ಬಿಎ ಬ್ಲಾಕ್‌ಗಳನ್ನು, ಅಂದರೆ ಎದುರಾಳಿ ಎಸೆದ ಚೆಂಡನ್ನು ಗಾಳಿಯಲ್ಲೇ ತಡೆಯುವುದನ್ನು, ಎಣಿಸಲು ಆರಂಭಿಸಿದ್ದು 1973-74ರಲ್ಲಿ; ರಸೆಲ್ ನಿವೃತ್ತರಾದದ್ದು 1969ರಲ್ಲಿ. ಚೆಂಡನ್ನು ತಡೆಯುವುದನ್ನೇ ಒಂದು ವಿದ್ಯೆಯಾಗಿಸಿದ, ತಡೆದ ಚೆಂಡು ಅಂಕಣದಿಂದ ಆಚೆ ಹೋಗದೆ ತನ್ನ ತಂಡದವರ ಕೈಸೇರುವಂತೆ ಮೆಲ್ಲಗೆ ತಟ್ಟುತ್ತಿದ್ದ ಆಟಗಾರನ ಲೆಕ್ಕದಲ್ಲಿ ಒಂದೇ ಒಂದು ಬ್ಲಾಕ್ ಕೂಡ ದಾಖಲಾಗಿಲ್ಲ. ಉಳಿದಿರುವುದು 13 ಋತುಗಳಲ್ಲಿ ಬೋಸ್ಟನ್ ಸೆಲ್ಟಿಕ್ಸ್ ಗೆದ್ದ 11 ಪ್ರಶಸ್ತಿಗಳು, ಮತ್ತು ಸಮಕಾಲೀನರ ತೀರ್ಪು. ವಿಲ್ಟ್ ಪಂದ್ಯಕ್ಕೆ 50 ಅಂಕ ಗಳಿಸಿದ ಋತುವಿನಲ್ಲಿ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಸಂದದ್ದು ರಸೆಲ್ ಅವರಿಗೆ, ಮತ್ತು ಆಗ ಮತ ಹಾಕುತ್ತಿದ್ದವರು ಪತ್ರಕರ್ತರಲ್ಲ, ಆಟಗಾರರೇ. ಇಬ್ಬರನ್ನೂ ಮೈಗೆ ಮೈ ತಾಗಿಸಿ ಎದುರಿಸಿದವರ ಮಾತಿಗೆ ನಾನು ಯಾವ ಕೋಷ್ಟಕಕ್ಕಿಂತಲೂ ಹೆಚ್ಚಿನ ಬೆಲೆ ಕೊಡುತ್ತೇನೆ.

ಇನ್ನು ಮೂರನೆಯ ದಾರಿ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಉಪಯುಕ್ತವಾದದ್ದು. ಕಾಲಗಳು ಬೇರೆ ಬೇರೆ ಪೆಟ್ಟಿಗೆಗಳಲ್ಲ; ಒಂದು ತಲೆಮಾರಿನ ಕೊನೆ ಮತ್ತು ಇನ್ನೊಂದರ ಆರಂಭ ಒಂದೇ ಅಂಕಣದಲ್ಲಿ ಭೇಟಿಯಾಗುತ್ತವೆ. ವಿಲ್ಟ್ ಮತ್ತು ರಸೆಲ್ ಪರಸ್ಪರ ಸುಮಾರು 140 ಪಂದ್ಯಗಳನ್ನು ಆಡಿದರು. ವಿಲ್ಟ್ ಕರೀಮ್ ಅವರನ್ನು ಎದುರಿಸಿದರು, ಕರೀಮ್ ಹಕೀಮ್ ಒಲಾಜುವಾನ್ ಅವರನ್ನು, ಹಕೀಮ್ ಶಕೀಲ್ ಓನೀಲ್ ಅವರನ್ನು, ಓನೀಲ್ ಡ್ವೈಟ್ ಹೊವಾರ್ಡ್ ಅವರನ್ನು. ಹೊವಾರ್ಡ್ 2020ರ ಪಶ್ಚಿಮ ವಿಭಾಗದ ಫೈನಲ್‌ನಲ್ಲಿ ಲೇಕರ್ಸ್ ಪರ ಯೋಕಿಚ್ ಅವರಿಗೆ ಅಡ್ಡ ನಿಂತರು. ರಸೆಲ್ ಅವರಿಂದ ಯೋಕಿಚ್‌ವರೆಗಿನ ಸರಪಳಿಯಲ್ಲಿ ಒಂದು ಕೊಂಡಿಯೂ ಕಳಚಿಲ್ಲ.

ಈ ಸರಪಳಿಯ ನಡುಕೊಂಡಿ ಕರೀಮ್. 1969ರಿಂದ 1989ರವರೆಗೆ 20 ಋತು ಆಡಿದ ಅವರು ಹಳೆಯ ಮತ್ತು ಹೊಸ ಕಾಲಗಳೆರಡಕ್ಕೂ ಅಳತೆಗೋಲಾಗುತ್ತಾರೆ. 1971ರಲ್ಲಿ ಕರೀಮ್ ಅವರ ಮಿಲ್ವಾಕಿ ಬಕ್ಸ್ ತಂಡ ವಿಲ್ಟ್ ಅವರ ಲೇಕರ್ಸ್ ಅನ್ನು 4-1ರಿಂದ ಸೋಲಿಸಿದಾಗ ಕರೀಮ್‌ಗೆ ಆಗಷ್ಟೇ 24 ತುಂಬಿತ್ತು, ವಿಲ್ಟ್‌ಗೆ 34. ಲೇಕರ್ಸ್ ಪರ ಜೆರ್ರಿ ವೆಸ್ಟ್ ಮತ್ತು ಎಲ್ಜಿನ್ ಬೇಲರ್ ಗಾಯದಿಂದ ಆಡಲೇ ಇಲ್ಲ ಎಂಬುದನ್ನೂ ಮರೆಯಬಾರದು. ಮರುವರ್ಷ ಲೇಕರ್ಸ್ 4-2ರಿಂದ ಗೆದ್ದಿತು. ಆ ಸರಣಿಯಲ್ಲಿ ಕರೀಮ್ ಪಂದ್ಯಕ್ಕೆ 30ಕ್ಕೂ ಹೆಚ್ಚು ಅಂಕ ಗಳಿಸಿದರು ನಿಜ. ಆದರೆ ಲೀಗ್ ಹಂತದಲ್ಲಿ ನೂರಕ್ಕೆ 57ರಷ್ಟಿದ್ದ ಅವರ ಯಶಸ್ಸು, 35ರ ವಿಲ್ಟ್ ಎದುರಿಗೆ ನಿಂತಾಗ 50ಕ್ಕಿಂತ ಕೆಳಗಿಳಿಯಿತು. ಮುಂದೆ 1986ರಲ್ಲಿ ಇದೇ ಕರೀಮ್ 39ನೆಯ ವಯಸ್ಸಿನಲ್ಲಿ, ಲೇಕರ್ಸ್ ಪರ ಆಡುತ್ತಾ, 23ರ ಹಕೀಮ್ ಅವರ ಹ್ಯೂಸ್ಟನ್ ರಾಕೆಟ್ಸ್ ಎದುರು 4-1ರಿಂದ ಸೋತರು. 1995ರ ಫೈನಲ್‌ನಲ್ಲಿ 32ರ ಹಕೀಮ್ ಸರಾಸರಿ 32.8 ಅಂಕ ಗಳಿಸಿದರೆ, 23ರ ಓನೀಲ್ 28 ಅಂಕ ಗಳಿಸಿದರು. ಹ್ಯೂಸ್ಟನ್ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದಿತು.

ಈ ಭೇಟಿಗಳಲ್ಲಿ ಒಬ್ಬರು ಏರುವ ವಯಸ್ಸಿನಲ್ಲಿ, ಇನ್ನೊಬ್ಬರು ಇಳಿಯುವ ವಯಸ್ಸಿನಲ್ಲಿ ಇರುತ್ತಾರೆ, ಆದ್ದರಿಂದ ಗೆದ್ದವರೇ ದೊಡ್ಡವರು ಎನ್ನಲಾಗದು. ಆದರೆ ಒಂದು ವಿಷಯ ಮಾತ್ರ ಸ್ಪಷ್ಟವಾಗುತ್ತದೆ: ತಲೆಮಾರು ತಲೆಮಾರಿಗೂ ಆಟದ ಮಟ್ಟ ಹಳಬರ ಕೈಗೆ ಎಟುಕದಷ್ಟು ಮೇಲೇರುತ್ತಾ ಹೋಗಿದ್ದರೆ, ಇಳಿವಯಸ್ಸಿನ ವಿಲ್ಟ್ ಅವರಿಂದ ಏರುಪ್ರಾಯದ ಕರೀಮ್ ಅವರ ಗುರಿಯನ್ನು ಹೀಗೆ ಕೆಡಿಸಲು ಆಗುತ್ತಿರಲಿಲ್ಲ, ಅದೇ ಕರೀಮ್ 1985ರಲ್ಲಿ, 38ನೆಯ ವಯಸ್ಸಿನಲ್ಲಿ, ಫೈನಲ್‌ನ ಅತ್ಯಮೂಲ್ಯ ಆಟಗಾರರಾಗುತ್ತಲೂ ಇರಲಿಲ್ಲ. ಹಳಬರು ಇಂದಿನವರ ಮುಂದೆ ನಿಲ್ಲುತ್ತಲೇ ಇರಲಿಲ್ಲ ಎಂಬ ವಾದ ಇಲ್ಲಿ ಬಹಳಷ್ಟು ದುರ್ಬಲವಾಗುತ್ತದೆ.

ನಿಜವಾಗಿಯೂ ಬದಲಾದದ್ದು ಸೆಂಟರ್‌ಗೆ ಒಪ್ಪಿಸುವ ಕೆಲಸ. 1979-80ರಲ್ಲಿ ಮೂರಂಕದ ಗೆರೆ ಬಂದಾಗ ತಂಡವೊಂದು ಅದರಾಚೆಯಿಂದ ಪಂದ್ಯಕ್ಕೆ ಮೂರು ಬಾರಿಯೂ ಎಸೆಯುತ್ತಿರಲಿಲ್ಲ. ಈಗ ಆ ಸಂಖ್ಯೆ 35ನ್ನು ದಾಟಿದೆ. 2001-02ರಲ್ಲಿ ವಲಯ ರಕ್ಷಣೆಗೆ (ಒಬ್ಬೊಬ್ಬ ಎದುರಾಳಿಯ ಬದಲು ಅಂಕಣದ ಒಂದೊಂದು ಜಾಗವನ್ನು ಕಾಯುವ ಬಗೆ) ಅನುಮತಿ ಸಿಕ್ಕಿದ ಮೇಲೆ, ಬುಟ್ಟಿಯ ಬಳಿ ಚೆಂಡಿಗಾಗಿ ಕಾಯುವ ದೈತ್ಯನ ಸುತ್ತ ಇಬ್ಬರು ಮೂವರನ್ನು ಮೊದಲೇ ನಿಲ್ಲಿಸುವುದು ಸುಲಭವಾಯಿತು. ಇಂಥ ಆಟದಲ್ಲಿ ಸೆಂಟರ್ ಚೆಂಡನ್ನು ಮೇಲ್ಗಡೆ ಹಿಡಿದು, ಸುತ್ತ ಓಡುವ ನಾಲ್ವರಲ್ಲಿ ಯಾರು ಬಿಡುವಾಗಿದ್ದಾರೆ ಎಂದು ನೋಡಬೇಕು. ಯೋಕಿಚ್ ಅವರ ಹಿರಿಮೆ ಇರುವುದು ಇಲ್ಲಿಯೇ. 2014ರಲ್ಲಿ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲಿ 41ನೆಯ ಆಯ್ಕೆಯಾಗಿ ಬಂದ ಈ ಸರ್ಬಿಯಾದ ಆಟಗಾರ 2023ರಲ್ಲಿ ತಮ್ಮ ಡೆನ್ವರ್ ತಂಡಕ್ಕೆ ಮೊದಲ ಪ್ರಶಸ್ತಿ ತಂದುಕೊಟ್ಟಾಗ, ಆ ಪ್ಲೇಆಫ್‌ನ ಒಟ್ಟು ಅಂಕ, ರೀಬೌಂಡ್ ಮತ್ತು ಅಸಿಸ್ಟ್ (ಜೊತೆಯಾಟಗಾರನ ಅಂಕಕ್ಕೆ ನೆರವಾದ ಪಾಸ್) ಮೂರರಲ್ಲೂ ಮೊದಲಿಗರಾಗಿದ್ದರು. ಪಂದ್ಯಕ್ಕೆ ಹತ್ತಕ್ಕೂ ಹೆಚ್ಚು ಅಸಿಸ್ಟ್ ಕೊಟ್ಟು ಟ್ರಿಪಲ್ ಡಬಲ್ (ಅಂಕ, ರೀಬೌಂಡ್, ಅಸಿಸ್ಟ್ ಮೂರರಲ್ಲೂ ಹತ್ತು ಅಥವಾ ಹೆಚ್ಚು) ಸರಾಸರಿಯಲ್ಲಿ 2024-25ರ ಋತು ಮುಗಿಸಿದ ಮೊದಲ ಸೆಂಟರ್ ಕೂಡ ಅವರೇ.

ಹಾಗಾದರೆ ನನ್ನ ತೀರ್ಪೇನು ಎಂದು ನೀವು ಕೇಳಿದರೆ, ಇಡೀ ವೃತ್ತಿಜೀವನವನ್ನು ತೂಗುವಾಗ ಆರು ಅತ್ಯಮೂಲ್ಯ ಪ್ರಶಸ್ತಿಗಳ ಮತ್ತು 38,387 ಅಂಕಗಳ ಕರೀಮ್ ಅವರನ್ನು ಮೊದಲಿಡುತ್ತೇನೆ. ಒಂದು ತಂಡದ ರಕ್ಷಣೆಯನ್ನು ಒಬ್ಬರ ಮೇಲೆ ಕಟ್ಟಬೇಕೆಂದರೆ ರಸೆಲ್. ಯಾವ ದಶಕದ ನಿಯಮಕ್ಕೂ ಒಗ್ಗಿ ಆಡಬಲ್ಲವರು ಬೇಕೆಂದರೆ, ವೇಗದ ಕಾಲು, 3,830 ಬ್ಲಾಕ್‌ಗಳ ಕೈ ಎರಡೂ ಇದ್ದ ಹಕೀಮ್. ತಂಡದ ದಾಳಿಯನ್ನು ನಡೆಸುವ ಸೆಂಟರ್ ಬೇಕೆಂದರೆ ಯೋಕಿಚ್ ಅವರಿಗೆ ಸಾಟಿಯಾದವರನ್ನು ನಾನು ಕಂಡಿಲ್ಲ.

ವಿಲ್ಟ್ ಇಂದು ಆಡಿದ್ದರೆ? ಕನ್ಸಾಸ್ ವಿಶ್ವವಿದ್ಯಾಲಯದಲ್ಲಿ ಎತ್ತರ ಜಿಗಿತದಲ್ಲೂ ಸ್ಪರ್ಧಿಸುತ್ತಿದ್ದ, 7 ಅಡಿ 1 ಅಂಗುಲದ ಆ ಮೈಕಟ್ಟು ಯಾವ ಕಾಲದಲ್ಲೂ ಸಾಲದೆ ಹೋಗುತ್ತಿರಲಿಲ್ಲ. ಆದರೆ ಫ್ರೀ ಥ್ರೋಗಳಲ್ಲಿ ನೂರಕ್ಕೆ 51 ಮಾತ್ರ ಹಾಕುತ್ತಿದ್ದವರನ್ನು ಎದುರಾಳಿಗಳು ಓನೀಲ್ ಅವರಿಗೆ ಮಾಡಿದಂತೆ ಬೇಕೆಂದೇ ಫೌಲ್ ಮಾಡುತ್ತಿದ್ದರು, ಯಾವ ತರಬೇತುದಾರನೂ ಅವರಿಗೆ 48 ನಿಮಿಷ ಮತ್ತು 40 ಎಸೆತ ಒಪ್ಪಿಸುತ್ತಿರಲಿಲ್ಲ. 50 ಅಂಕಗಳ ಸರಾಸರಿ ಬರುತ್ತಿರಲಿಲ್ಲ. ಬುಟ್ಟಿಯನ್ನು ಕಾಯುವುದು, ರೀಬೌಂಡ್ ಹಿಡಿದು ಓಡುವವರಿಗೆ ಚೆಂಡು ದಾಟಿಸುವುದು, ಹತ್ತಿರದಿಂದ ಮಾತ್ರ ಎಸೆಯುವುದು, ಇಷ್ಟೇ ಕೆಲಸ ಅವರಿಗೆ ಸಿಗುತ್ತಿತ್ತು. 1971-72ರಲ್ಲಿ ಲೇಕರ್ಸ್‌ನ ತರಬೇತುದಾರ ಬಿಲ್ ಶಾರ್ಮನ್ ವಿಲ್ಟ್ ಅವರಿಂದ ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಆ ವರ್ಷ ವಿಲ್ಟ್ ಅವರ ಸರಾಸರಿ 14.8 ಅಂಕಕ್ಕೆ ಇಳಿಯಿತು, ಲೇಕರ್ಸ್ ಸತತ 33 ಪಂದ್ಯ ಗೆದ್ದು ಪ್ರಶಸ್ತಿ ಪಡೆಯಿತು, ಫೈನಲ್‌ನ ಅತ್ಯಮೂಲ್ಯ ಆಟಗಾರ ಎಂಬ ಗೌರವ ವಿಲ್ಟ್ ಅವರಿಗೇ ಸಂದಿತು.