ಮಾದರಿ ಕೃಷಿ ಶಾಲೆ: ಐರ್ಲೆಂಡಿನಲ್ಲಿ ಅದರ ಆಡಳಿತ, ಅದರ ಲೆಕ್ಕ

ಹತ್ತೊಂಬತ್ತನೇ ಶತಮಾನದ ಐರ್ಲೆಂಡಿನಲ್ಲಿ ‘ಮಾದರಿ ಕೃಷಿ ಶಾಲೆ’ ಎಂದರೆ ಜಮೀನು, ತರಗತಿ, ಹಾಸ್ಟೆಲ್ ಮೂರೂ ಒಂದೇ ಆಡಳಿತದಡಿ ಇದ್ದ ಸಂಸ್ಥೆ. ಹುಡುಗರು ಅರ್ಧ ದಿನ ಓದುತ್ತಿದ್ದರು, ಅರ್ಧ ದಿನ ಹೊಲದಲ್ಲಿ ದುಡಿಯುತ್ತಿದ್ದರು. ಬೆಳೆ ಮಾರಿದ ಹಣದಲ್ಲಿ ಶಾಲೆಯ ಖರ್ಚೂ ತಕ್ಕಮಟ್ಟಿಗೆ ನೀಗಬೇಕು ಎಂಬುದು ಲೆಕ್ಕಾಚಾರ. ಈ ನಿರೀಕ್ಷೆಯೇ ಮುಂದೆ ಅದಕ್ಕೆ ಮುಳುವಾಯಿತು.

ಮೊದಲ ಹಂತದಲ್ಲಿ ಇಂಥ ಶಾಲೆ ಖಾಸಗಿ ಚಂದಾ ಹಣದಿಂದ ನಡೆಯುತ್ತಿತ್ತು. ಡೆರಿ ಪಟ್ಟಣದ ಹತ್ತಿರದ ಟೆಂಪಲ್‌ಮೊಯ್ಲ್ ಶಾಲೆಯನ್ನು 1827ರ ಹೊತ್ತಿಗೆ ತೆರೆದದ್ದು ಅಲ್ಲಿನ ವಾಯವ್ಯ ಐರ್ಲೆಂಡ್ ಸೊಸೈಟಿ ಎಂಬ ಕೃಷಿ ಸಂಘ. ಜಮೀನು ಲಂಡನ್ನಿನ ಹಳೆಯ ವರ್ತಕ ಸಂಘವಾದ ಗ್ರೋಸರ್ಸ್ ಕಂಪನಿಯ ಎಸ್ಟೇಟಿನದು, ಗೇಣಿಗೆ ಪಡೆದದ್ದು. ಸುಮಾರು 172 ಎಕರೆ. ಚಂದಾ ಕೊಟ್ಟವರು ಹುಡುಗರನ್ನು ಶಿಫಾರಸು ಮಾಡಬಹುದಿತ್ತು. ಹುಡುಗರನ್ನು ಎರಡು ತಂಡ ಮಾಡಿ, ಒಂದು ತಂಡ ತರಗತಿಯಲ್ಲಿದ್ದಾಗ ಇನ್ನೊಂದನ್ನು ಹೊಲಕ್ಕೆ ಕಳಿಸುತ್ತಿದ್ದರು, ಮಧ್ಯಾಹ್ನಕ್ಕೆ ಅದಲು ಬದಲು.

ಶುಲ್ಕ ವರ್ಷಕ್ಕೆ 10 ಪೌಂಡ್, ಎಂದರೆ 200 ಷಿಲ್ಲಿಂಗ್. ವಾರಕ್ಕೆ ಹಂಚಿದರೆ ನಾಲ್ಕು ಷಿಲ್ಲಿಂಗ್ ಕೂಡ ಆಗುವುದಿಲ್ಲ. ಇಷ್ಟರಲ್ಲೇ ಊಟ, ವಸತಿ, ಪಾಠ ಎಲ್ಲವೂ ಸಾಗಬೇಕು. ಬೆಳಗಿನ ಊಟಕ್ಕೆ ಒಬ್ಬೊಬ್ಬನಿಗೆ 11 ಔನ್ಸ್ (ಸುಮಾರು 310 ಗ್ರಾಂ) ಓಟ್ಸ್ ಹಿಟ್ಟಿನ ಗಂಜಿ, ಒಂದು ಪಿಂಟ್ ಹಾಲು. ಭಾನುವಾರ ದನದ ಮಾಂಸದ ಜೊತೆ ಒಂದೂವರೆ ಕಿಲೋಗೂ ಹೆಚ್ಚು ಆಲೂಗಡ್ಡೆ. ದಿನಾ ಗುದ್ದಲಿ ಹಿಡಿಯುವ ಹುಡುಗರಿಗೆ ಇದಕ್ಕಿಂತ ಕಡಿಮೆ ಕೊಡುವಂತಿರಲಿಲ್ಲ. ಶುಲ್ಕದಲ್ಲಿ ಉಳಿದ ಕೊರತೆಯನ್ನು ಹೊಲವೋ ದಾನಿಗಳೋ ತುಂಬಬೇಕಿತ್ತು. ಕೊನೆಗೆ ಟೆಂಪಲ್‌ಮೊಯ್ಲ್ ಕೂಡ ಸರ್ಕಾರಿ ಶಿಕ್ಷಣ ಮಂಡಳಿಯ ಆಶ್ರಯಕ್ಕೆ ಬಂತು; 1860ರ ದಶಕದಲ್ಲಿ ಮುಚ್ಚಿತು.

ಆ ಮಂಡಳಿ 1831ರಲ್ಲಿ ಹುಟ್ಟಿದ ರಾಷ್ಟ್ರೀಯ ಶಿಕ್ಷಣ ಮಂಡಳಿ. ಡಬ್ಲಿನ್ ಬಳಿಯ ಗ್ಲಾಸ್‌ನೆವಿನ್‌ನಲ್ಲಿ 1838ರಲ್ಲಿ ತನ್ನದೇ ಮಾದರಿ ಜಮೀನು ಆರಂಭಿಸಿದ ಅದರ ಉದ್ದೇಶ, ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಬೇಸಾಯ ಕಲಿಸಿ, ಅವರ ಮೂಲಕ ರೈತರ ಮಕ್ಕಳನ್ನು ಮುಟ್ಟುವುದು. ದೊಡ್ಡ ಜಮೀನಿನ ಜೊತೆಗೆ ಐದಾರು ಎಕರೆಯ ಪುಟ್ಟ ತುಂಡೊಂದನ್ನೂ ಬೇರೆಯಾಗಿ ಇಟ್ಟಿದ್ದರು, ಸಣ್ಣ ಹಿಡುವಳಿದಾರ ಅಷ್ಟರಲ್ಲೇ ಏನು ಮಾಡಬಹುದು ಎಂದು ತೋರಿಸಲು. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಅತ್ಯಂತ ವಿವೇಕದ ಭಾಗ ಅದೇ, ಏಕೆಂದರೆ ಆ ಕಾಲದ ಬಹುಪಾಲು ಐರಿಷ್ ರೈತನ ಜಮೀನೂ ಚಿಕ್ಕದೇ. 1840ರ ದಶಕದ ಮಹಾಕ್ಷಾಮದ ನಂತರ ಇಂಥ ಶಾಲೆಗಳು ಪ್ರಾಂತ್ಯಗಳಿಗೂ ಹರಡಿದವು. ಕಾರ್ಕ್‌ನ ಮನ್‌ಸ್ಟರ್ ಮಾದರಿ ಜಮೀನು ಅವುಗಳಲ್ಲಿ ಒಂದು. ಕೆಲವನ್ನು ಮಂಡಳಿಯೇ ನಡೆಸುತ್ತಿತ್ತು, ಕೆಲವು ಸ್ಥಳೀಯರ ಕೈಯಲ್ಲಿದ್ದು ಅನುದಾನ ಪಡೆಯುತ್ತಿದ್ದವು. ಬಡವರ ಆಶ್ರಯಗೃಹಗಳಿಗೆ ಸೇರಿದವೂ ಇದ್ದವು.

ತೊಂದರೆ ಶುರುವಾದದ್ದು ಲೆಕ್ಕದ ಪುಸ್ತಕದಲ್ಲಿ. ಜಮೀನಿನ ಲಾಭ ನಷ್ಟ ತಿಳಿಯಲು ವರ್ಷಾರಂಭದ ಮತ್ತು ವರ್ಷಾಂತ್ಯದ ದನಕರು, ದಾಸ್ತಾನು, ಸಲಕರಣೆಗಳಿಗೆ ಬೆಲೆ ಕಟ್ಟಬೇಕು. ವರ್ಷಾಂತ್ಯದ ಬೆಲೆಯನ್ನು ಸ್ವಲ್ಪ ಏರಿಸಿದರೂ ನಷ್ಟದ ಜಮೀನು ಲಾಭದ್ದಾಗಿ ಕಾಣುತ್ತದೆ. ಹುಡುಗರ ದುಡಿಮೆಗೆ ಕೂಲಿ ಹಚ್ಚದಿದ್ದರೆ ಬೆಳೆ ಅಗ್ಗವಾಗಿ ತೋರುತ್ತದೆ. ಕಲಿಯುವ ಕೈ ಹಾಳುಮಾಡಿದ್ದನ್ನೂ ಅದೇ ಜಮೀನಿನ ತಲೆಗೆ ಕಟ್ಟಿದರೆ ದುಬಾರಿಯಾಗುತ್ತದೆ. ಕಟ್ಟಡದ ವೆಚ್ಚವನ್ನು ಶಾಲೆಗೆ ಬರೆದರೆ ಒಂದು ಉತ್ತರ, ಜಮೀನಿಗೆ ಬರೆದರೆ ಇನ್ನೊಂದು. ಪಾಠಕ್ಕೆಂದು ಬೆಳೆಸಿದ ತಾಕಿನಿಂದ ಮಾರುಕಟ್ಟೆಯ ಲಾಭ ಕೇಳುವುದೇ ಅನ್ಯಾಯ, ಆದರೆ ಬ್ರಿಟಿಷ್ ಸರ್ಕಾರದ ಖಜಾನೆ ಕೇಳಿದ್ದು ಅದನ್ನೇ.

ತೆರಿಗೆ ಹಣದಲ್ಲಿ ಸರ್ಕಾರ ಬೇಸಾಯಕ್ಕೆ ಇಳಿಯುವುದೇ ತಪ್ಪು ಎಂದು ಲಿವರ್‌ಪೂಲ್‌ನ ಹಣಕಾಸು ಸುಧಾರಣಾ ಸಂಘ ಟೀಕಿಸಿತು. ಕ್ಯಾಥೊಲಿಕ್ ಧರ್ಮಾಧ್ಯಕ್ಷರು ಮಂಡಳಿಯ ಮಾದರಿ ಶಾಲೆಗಳನ್ನು ವಿರೋಧಿಸುತ್ತಿದ್ದರು. ಐರ್ಲೆಂಡಿನ ಪ್ರಾಥಮಿಕ ಶಿಕ್ಷಣವನ್ನು ಪರಿಶೀಲಿಸಿದ 1870ರ ಪೋವಿಸ್ ಆಯೋಗವೂ ಮಾದರಿ ಶಾಲೆಗಳ ಪರ ನಿಲ್ಲಲಿಲ್ಲ. ಮುಂದಿನ ವರ್ಷಗಳಲ್ಲಿ ಪ್ರಾಂತ್ಯದ ಜಮೀನುಗಳನ್ನು ಒಂದೊಂದಾಗಿ ಕೈಬಿಟ್ಟರು. ಉಳಿದದ್ದು ಗ್ಲಾಸ್‌ನೆವಿನ್ ಮತ್ತು ಕಾರ್ಕ್. ಕಾರ್ಕ್‌ನಲ್ಲಿ 1880ರಲ್ಲಿ ಹೈನುಗಾರಿಕೆ ಶಾಲೆ ತೆರೆದು ಹೊಸ ದಾರಿ ಹಿಡಿದರು.

1899ರ ಕಾಯ್ದೆಯಿಂದ ಕೃಷಿ ಮತ್ತು ತಾಂತ್ರಿಕ ಶಿಕ್ಷಣ ಇಲಾಖೆ ಬಂದಾಗ ಎರಡೂ ಅದರ ಕೈಗೆ ಹೋದವು. ಅಲ್ಲಿಂದ ಕೌಂಟಿ ಸಮಿತಿಗಳು ಸ್ಥಳೀಯ ತೆರಿಗೆಯ ಪಾಲು ಹಾಕಿ, ಊರೂರು ತಿರುಗುವ ಬೋಧಕರನ್ನು ನೇಮಿಸಿದವು. ಆ ಬೋಧಕ ರೈತನ ಹೊಲದಲ್ಲೇ ನಿಂತು ಕಲಿಸುತ್ತಿದ್ದ, ಅವನ ಸಂಬಳಕ್ಕೆ ಯಾವ ಜಮೀನೂ ಲಾಭ ತೋರಿಸಬೇಕಿರಲಿಲ್ಲ.