ಸಿಮೆಂಟ್ ಫ್ಯಾಕ್ಟರಿನ ಓಡಿಸಿದ ಬೊಲಿನಾವೊ ಮೀನಿನ ಬೇಲಿ ಮುಂದೆ ಸೋತಿದ್ದು ಹೇಗೆ

ಫಿಲಿಪೈನ್ಸ್‌ನಲ್ಲಿ ಸಾಕಿದ ಮೀನು ರಾಶಿ ರಾಶಿ ಸತ್ತು ತೇಲಿದ ಸುದ್ದಿ ಬಂದಾಗೆಲ್ಲ ಬೊಲಿನಾವೊ ಹೆಸರು ಬಂದೇ ಬರುತ್ತೆ, ಆಮೇಲೆ ಪರ್ಮಿಟ್ಟು, ಪಾಚಿ, ಮೇಯರ್ರು ಎಲ್ಲ ಕಲಸಿಹೋಗಿ ಶುರು ಎಲ್ಲಿಂದ ಅಂತಾನೇ ಗೊತ್ತಾಗಲ್ಲ.

ಊರು ಇರೋದು ಲುಜಾನ್ ದ್ವೀಪದ ಪಶ್ಚಿಮ ಕಡಲಂಚಲ್ಲಿ, 30 ಬರಂಗಾಯ್‌ಗಳ ಮುನಿಸಿಪಾಲಿಟಿ. ಬರಂಗಾಯ್ ಅಂದ್ರೆ ಹೆಚ್ಚುಕಡಿಮೆ ನಮ್ಮ ವಾರ್ಡು. 1980ರ ಹೊತ್ತಿಗೆ ಡೈನಮೈಟ್ ಮತ್ತು ಸಯನೈಡ್ ಮೀನುಗಾರಿಕೆಯಿಂದ ಹವಳದ ದಿಬ್ಬಗಳು ಹಾಳಾಗಿದ್ವು.

ನಿಜವಾದ ಕಥೆ ಶುರುವಾಗೋದು 1991ರ ಸ್ಥಳೀಯ ಆಡಳಿತ ಕಾಯ್ದೆಯಿಂದ. ದಡದಿಂದ 15 ಕಿಲೋಮೀಟರ್ ತನಕದ ನೀರು ಮುನಿಸಿಪಾಲಿಟಿ ಕೈಗೆ ಬಂತು, ಅದರ ಜೊತೆ ಲೈಸೆನ್ಸ್ ಫೀಸೂ ಬಂತು. ಅಷ್ಟರಲ್ಲೇ ದೊಡ್ಡ ಸಿಮೆಂಟ್ ಯೋಜನೆ ಬಂತು, ಫ್ಯಾಕ್ಟರಿ ಜೊತೆ ಕಲ್ಲು ಕ್ವಾರಿ, ಜೆಟ್ಟಿ, ಪವರ್ ಪ್ಲಾಂಟ್ ಕೂಡ. ಮೀನುಗಾರರು, ಚರ್ಚಿನವರು, ಅಲ್ಲೇ ಸಮುದ್ರ ಪ್ರಯೋಗಾಲಯ ಇಟ್ಟುಕೊಂಡಿದ್ದ ಯೂನಿವರ್ಸಿಟಿ ವಿಜ್ಞಾನಿಗಳು ಸೇರಿ ವರ್ಷಗಟ್ಟಲೆ ವಿರೋಧಿಸಿದ್ರು, 1996ರಲ್ಲಿ ಕೇಂದ್ರದ ಪರಿಸರ ಇಲಾಖೆ ಅನುಮತಿ ಕೊಡಲ್ಲ ಅಂತು. ಇದನ್ನ ಜನರ ಗೆಲುವು ಅಂತ ಇವತ್ತಿಗೂ ಹೇಳ್ತಾರೆ, ಹೇಳಬೇಕಾದ್ದೇ.

ಆದ್ರೆ ಅದೇ ವರ್ಷಗಳಲ್ಲಿ ನೀರಲ್ಲಿ ಬಿದಿರಿನ ಗೂಟ ನೆಟ್ಟು ಬಲೆ ಕಟ್ಟಿ ಬಂಗುಸ್ ಮೀನು ಸಾಕೋ ಬೇಲಿಗಳು ಊರ ಮುಂದಿನ ಸಮುದ್ರದ ಕಾಲುವೆ ತುಂಬ ಹಬ್ಬುತ್ತಿದ್ವು. ಬಂಗುಸ್ ಅಂದ್ರೆ ನಮ್ಮ ಕರಾವಳಿಯ ಹೂಮೀನೇ, ಅಲ್ಲಿ ದಿನನಿತ್ಯದ ಊಟ. ಹೊರಗಿನವರು ಬಂಡವಾಳ ಹಾಕಿದ್ರು, ಊರಿನವರಿಗೆ ಕಾವಲು ಕೆಲಸ ಸಿಕ್ತು, ಪುರಸಭೆಗೆ ಫೀಸು. ಇದನ್ನ ಯಾರು ವಿರೋಧಿಸ್ತಾರೆ? 1999ರಲ್ಲಿ ಊರಿನ ಮೀನುಗಾರಿಕೆ ಕಾನೂನು 544 ಬೇಲಿ-ಪಂಜರಗಳಿಗೆ ಮಿತಿ ಹಾಕ್ತು, 2001ರ ಹೊತ್ತಿಗೆ ಸಂಖ್ಯೆ 1,100 ದಾಟಿತ್ತು. ಈ ಡಬಲ್ಲು ರಾತ್ರೋರಾತ್ರಿ ಆಗಿದ್ದಲ್ಲ, ಕಣ್ತಪ್ಪಿಸಿ ಆಗಿದ್ದೂ ಅಲ್ಲ, ಬಿದಿರಿನ ಗೂಟ ದಡದಿಂದಲೇ ಕಾಣುತ್ತೆ.

ಈ ಕಾಲುವೆ ಸ್ಯಾಂಟಿಯಾಗೊ ದ್ವೀಪ, ಪಕ್ಕದ ಊರು ಆಂಡಾ ಮತ್ತು ಬೊಲಿನಾವೊ ದಡದ ಮಧ್ಯೆ ಸಿಕ್ಕಿಕೊಂಡಿದೆ, ನೀರು ನಿಧಾನಕ್ಕೆ ಬದಲಾಗೋದು. ಬೇಲಿ ಹೆಚ್ಚಾದಷ್ಟೂ ಹರಿವು ಇನ್ನೂ ಕಮ್ಮಿ. ಮೀನು ತಿನ್ನದೆ ಬಿಟ್ಟ ಫೀಡು ಮತ್ತು ಹಿಕ್ಕೆ ತಳದಲ್ಲಿ ಕೂತು ಕೊಳೆಯುತ್ತೆ, ಅದರ ಪೋಷಕಾಂಶ ತಿಂದು ಪಾಚಿ ಉಕ್ಕುತ್ತೆ, ರಾತ್ರಿ ಅದೇ ಪಾಚಿ ಆಕ್ಸಿಜನ್ ಎಳೆದುಕೊಳ್ಳುತ್ತೆ, ಸತ್ತ ಮೇಲೆ ಕೊಳೆಯೋದಕ್ಕೂ ಆಕ್ಸಿಜನ್ನೇ ಬೇಕು. 2002ರ ಫೆಬ್ರವರಿಯಲ್ಲಿ ಆಗಿದ್ದು ಇದೇ. ನೀರಲ್ಲಿ ಆಕ್ಸಿಜನ್ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದು ಬೊಲಿನಾವೊ ಮತ್ತು ಆಂಡಾದಲ್ಲಿ ಸುಮಾರು 50 ಕೋಟಿ ಪೆಸೊ ಮೀನು ಹೋಯ್ತು. ಬೇಲಿಯಿಂದ ನಯಾಪೈಸೆ ಲಾಭ ಇಲ್ಲದ, ಸೀಗಡಿ, ಚಿಪ್ಪು ಆಯ್ದು ಬದುಕೋರೂ ಅದೇ ನೀರನ್ನೇ ನಂಬಿದ್ರು, ಅವರ ನಷ್ಟ ಈ ಲೆಕ್ಕದಲ್ಲಿ ಇರಲಿಲ್ಲ.

ಆಮೇಲೆ ಅಕ್ರಮ ಬೇಲಿ ಕಿತ್ತರು, ಮತ್ತೆ ಬಂದ್ವು. 2010ರಲ್ಲಿ ಮೀನು ಮತ್ತೆ ಸತ್ತವು. ಮೇಯರ್ ಚುನಾವಣೆ ಮೂರು ವರ್ಷಕ್ಕೊಮ್ಮೆ, ತಳದಲ್ಲಿ ಕೂತ ಕೆಸರು ಅಷ್ಟರಲ್ಲಿ ಶುದ್ಧ ಆಗಲ್ಲ, ಕಿತ್ತು ಹಾಕಿದ್ರೆ ಮಾತ್ರ ಕೆಲಸ ಕಳೆದುಕೊಂಡವರ ಸಿಟ್ಟು ತಕ್ಷಣ ಕಾಣುತ್ತೆ. ಇನ್ನೊಂದು ಗಂಟೂ ಇದೆ. ಬೊಲಿನಾವೊದ ಕಾನೂನು ಆಂಡಾಕ್ಕೆ ನಡೆಯಲ್ಲ, ಆಂಡಾ ಬೇರೆ ಮುನಿಸಿಪಾಲಿಟಿ. ಹಾಗಾಗಿ ಈ ಕಡೆ ಎಷ್ಟೇ ಗೂಟ ಕಿತ್ತರೂ ಕಾಲುವೆಯಲ್ಲಿ ಒಟ್ಟು ಎಷ್ಟು ಬೇಲಿ ಇರಬೇಕು ಅನ್ನೋದನ್ನ ಎರಡೂ ಊರಿನ ಕೌನ್ಸಿಲ್ಲು ಒಟ್ಟಿಗೆ ಕೂತೇ ತೀರ್ಮಾನಿಸಬೇಕು.